ನೀಲಕ್ಕ ಮತ್ತೆ ಓದಿದ ತಿಂಗಳು

ಸವಣೂರಿನ ನಮ್ಮ ಓಣಿಯಲ್ಲಿ ಕಾದಂಬರಿ ಅಂದರೆ ನೀಲಕ್ಕ, ನೀಲಕ್ಕ ಅಂದರೆ ಕಾದಂಬರಿ. ಪೂರ್ತಿ ಹೆಸರು ನೀಲಾಂಬಿಕಾ. ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಒಂದೇ ಒಲೆಯ ಮುಂದೆ ಬೆಂದವರು. ಬೆಂದವರು ಅನ್ನುವುದಕ್ಕಿಂತ ನಾನು ಬೆಂದೆ, ಅವಳು ಓದಿದಳು ಅನ್ನುವುದೇ ಸರಿ. ಅನ್ನ ತಳ ಹಿಡಿದು ವಾಸನೆ ಪಕ್ಕದ ಮನೆ ಮುಟ್ಟಿದರೂ "ಒಂದ ಪುಟ ತಡೀ ನೀ" ಅನ್ನುವ ಹೆಂಗಸಿನ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ನನಗೆ ಸಿಟ್ಟು ಬರುತ್ತಿರಲಿಲ್ಲ ಅಂದರೆ ಸುಳ್ಳಾದೀತು.

ಅವಳು ಓದುತ್ತಿದ್ದುದು ಪ್ರೇಮದ ಕಥೆಗಳನ್ನು ಮಾತ್ರ. ಕೊನೆಗೆ ಇಬ್ಬರೂ ಕೂಡಬೇಕು, ಇಲ್ಲದಿದ್ದರೆ ಆ ಪುಸ್ತಕ ಬೇಡ. ಅದಕ್ಕೇ ಮೊದಲು ಕಡೆಯ ಪುಟ ತೆಗೆದು ನೋಡಿ, ಎಲ್ಲ ಸುಸೂತ್ರ ಅಂತ ಖಾತ್ರಿ ಮಾಡಿಕೊಂಡೇ ಮೊದಲ ಪುಟಕ್ಕೆ ಬರುತ್ತಿದ್ದಳು. ಪುಸ್ತಕ ತರುತ್ತಿದ್ದವರು ಭಾವನವರು, ಚಂದ್ರಪ್ಪ. ಅವರದು ವೀಳ್ಯದೆಲೆಯ ವ್ಯಾಪಾರ. ಯಲವಿಗಿಯಲ್ಲಿ ಎಲೆಯ ಪೆಂಡಿಗಳನ್ನು ರೈಲಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಹೋದವರು ಬರುವಾಗ ಹಳೆಯ ಪುಸ್ತಕದಂಗಡಿಗೆ ಹೊಕ್ಕು ಬರುತ್ತಿದ್ದರು. ಓದುವ ಉಸಾಬರಿ ಅವರಿಗೆ ಇರಲಿಲ್ಲ. ರಟ್ಟಿನ ಮೇಲೆ ಹೆಣ್ಣಿನ ಮುಖ ಇದ್ದರೆ ಅದು ಪ್ರೇಮದ ಕಥೆ ಎಂದು ತಿಳಿದಿದ್ದರು. ಹೀಗಾಗಿ ಒಮ್ಮೆ ಬಾಣಂತಿಯರ ಆರೈಕೆಯ ಪುಸ್ತಕವೂ ಮನೆಗೆ ಬಂತು. ತಂದವರ ಮನಸ್ಸು ನೋಯಬಾರದೆಂದು ನೀಲಕ್ಕ ಅದನ್ನೂ ಪೂರ್ತಿ ಓದಿದಳು.

ಎರಡು ವರ್ಷದ ಹಿಂದೆ ಒಂದು ದಿನ ಬೆಳಿಗ್ಗೆ ಎಲೆ ಒಯ್ದವರು ಸಂಜೆ ನಡೆದು ಬರಲಿಲ್ಲ. ಹುಬ್ಬಳ್ಳಿಯ ಮಾರ್ಕೆಟ್ಟಿನಲ್ಲೇ ಎದೆ ಹಿಡಿದುಕೊಂಡು ಕೂತರಂತೆ. ಮನೆಗೆ ಆಂಬುಲೆನ್ಸ್ ಬಂತು. ಅವತ್ತಿನಿಂದ ನೀಲಕ್ಕನ ಓದು ನಿಂತಿತು. ಟ್ರಂಕಿನ ತುಂಬ ಪುಸ್ತಕ ಇದ್ದವು, ಅವಳು ಪ್ರಯತ್ನವನ್ನೂ ಮಾಡಿದಳು. ನಾಲ್ಕು ಸಾಲು ಓದಿ ಮಡಚಿ ಇಡುತ್ತಿದ್ದಳು. ಒಲೆಯ ಮುಂದೆ ಈಗ ಅವಳೇ ಮೊದಲು ಬಂದು ಕೂರುತ್ತಿದ್ದಳು, ಅನ್ನ ಒಮ್ಮೆಯೂ ತಳ ಹಿಡಿಯಲಿಲ್ಲ. ನನಗೆ ಬೇಕಾಗಿದ್ದುದು ಇದೇ ತಾನೆ? ಆದರೆ ಆ ಬಿಳಿ ಅನ್ನ ನನಗೆ ರುಚಿಸಲಿಲ್ಲ.

ಇಲ್ಲಿ ನಮ್ಮ ಒಂದು ಪದ್ಧತಿ ಹೇಳಬೇಕು. ಶಿವರಾತ್ರಿಯ ಸುಮಾರಿಗೆ ವ್ಯಾಪಾರಸ್ಥರು ಒಣಮೆಣಸಿನಕಾಯಿ ಚೀಲಗಳನ್ನು ಓಣಿಗೆ ತಂದು ಇಳಿಸುತ್ತಾರೆ. ತೊಟ್ಟು ಬಿಡಿಸಿ ಕೊಡುವುದು ಹೆಂಗಸರ ಕೆಲಸ, ತೂಕಕ್ಕೆ ಇಷ್ಟು ಅಂತ ಕೂಲಿ. ನಮ್ಮ ಪಡಸಾಲೆ ದೊಡ್ಡದು, ಆಸುಪಾಸಿನವರೆಲ್ಲ ಇಲ್ಲೇ ಬಂದು ಗುಂಪಾಗಿ ಕೂರುತ್ತಾರೆ. ಬೆರಳು ಉರಿಯುತ್ತದೆ, ಮೂಗು ಸೋರುತ್ತದೆ, ಹೊತ್ತು ಹೋಗುವುದಿಲ್ಲ. ಅದಕ್ಕೆ ನೀಲಕ್ಕ ಕಾದಂಬರಿ ಓದಬೇಕು. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಪುಸ್ತಕ ಹಿಡಿಯಲು ಬರುವುದಿಲ್ಲವಲ್ಲ, ಹಾಗಾಗಿ ಅವಳು ಕಾಯಿ ಮುಟ್ಟುವಂತಿಲ್ಲ. ನಾವೇ ನಮ್ಮ ನಮ್ಮ ರಾಶಿಯಿಂದ ಒಂದೊಂದು ಬೊಗಸೆ ಬಿಡಿಸಿದ ಕಾಯನ್ನು ಅವಳ ಪುಟ್ಟಿಗೆ ಹಾಕುತ್ತಿದ್ದೆವು. ಕಥೆ ರಂಗೇರಿದ ದಿನ ಅವಳ ಪುಟ್ಟಿ ಎಲ್ಲರಿಗಿಂತ ಮೊದಲು ತುಂಬುತ್ತಿತ್ತು.

ಎರಡು ಸುಗ್ಗಿ ಅವಳೂ ನಮ್ಮಂತೆ ಸುಮ್ಮನೆ ತೊಟ್ಟು ಬಿಡಿಸಿದಳು. ಈ ವರ್ಷ ಶಂಕ್ರವ್ವ ಹಟ ಹಿಡಿದಳು. ಶಂಕ್ರವ್ವ ಓಣಿಗೆಲ್ಲ ಹಿರಿಯಳು, ಬಾಯಿ ಮೆಣಸಿನಕಾಯಿಗಿಂತ ಖಾರ.

"ಈ ಸರ್ತಿ ಓದಾಕ ಬೇಕ ನೋಡ ನೀಲಾ. ಆ ಮೊಬೈಲ್‌ನಾಗಿನ ಹಾಡ ಕೇಳಿ ಕೇಳಿ ತಲಿ ಚಿಟ್ಟ ಹಿಡದೈತಿ."

"ಆಗೂದಿಲ್ಲ ಶಂಕ್ರವ್ವ. ನಾಕ ಸಾಲ ಓದೂದ್ರಾಗ ಮನಸ್ಸ ಎಲ್ಲೋ ಹೋಗ್ತೈತಿ."

"ಹೋಗ್ಲಿ ಬಿಡ. ಬಾಯಿ ಓದ್ಲಿ, ಮನಸ್ಸ ಎಲ್ಲಿ ಬೇಕಾದ್ರ ಅಡ್ಡಾಡಿ ಬರ್ಲಿ."

ಮೊದಲ ಪುಸ್ತಕ ಶ್ರೀಮಂತರ ಮನೆಯ ಮಗನೊಬ್ಬನದು, ಅವನು ಒಬ್ಬ ನರ್ಸಮ್ಮನನ್ನು ಮೆಚ್ಚಿರುತ್ತಾನೆ. ನೀಲಕ್ಕ ಅದನ್ನು ಪುರಸಭೆಯ ನೋಟೀಸು ಓದಿದ ಹಾಗೆ ಓದಿದಳು. ನಾಯಕ ಕೈ ಹಿಡಿದರೂ ಅದೇ ಧ್ವನಿ, ಜ್ವರ ಬಂದು ಮಲಗಿದರೂ ಅದೇ ಧ್ವನಿ. ನಾವು ಆಕಳಿಸುತ್ತ ಕೇಳಿದೆವು, ಪುಟ್ಟಿಗೆ ಕಾಯಿ ಮಾತ್ರ ಕಡಿಮೆ ಮಾಡಲಿಲ್ಲ. ಎರಡನೆಯದರಲ್ಲಿ ನಾಯಕ ಮಾತು ಮಾತಿಗೆ ಸಿಟ್ಟಾಗಿ ಕಾರು ಹತ್ತಿ ಹೋಗಿಬಿಡುತ್ತಿದ್ದ. ಮೂರನೆಯ ಸಲ ಹೋದಾಗ ಶಂಕ್ರವ್ವ, "ಕಾರಿಗೆ ಎಣ್ಣಿ ಯಾರ ಹಾಕಸ್ತಾರಪಾ ಈ ಮಬ್ಬಗ!" ಅಂದಳು. ನೀಲಕ್ಕ ನಕ್ಕುಬಿಟ್ಟಳು. ನಕ್ಕವಳು ಮುಂದಿನ ಸಾಲು ಓದಲು ಹೋಗಿ ಮತ್ತೆ ನಕ್ಕಳು. ಅಲ್ಲಿಂದ ಅವಳ ಧ್ವನಿಗೆ ಜೀವ ಬಂತು.

ಮೂರನೆಯ ಪುಸ್ತಕದ ಹೊತ್ತಿಗೆ ಅವಳು ಮರುದಿನದ ಭಾಗವನ್ನು ಹಿಂದಿನ ದಿನವೇ ಒಬ್ಬಳೇ ಓದಿಕೊಳ್ಳತೊಡಗಿದ್ದಳು. ಒಂದು ಮಧ್ಯಾಹ್ನ ಅಡಿಗೆಮನೆಯಿಂದ ಅನ್ನ ಸೀದ ವಾಸನೆ ಬಂತು. ನಾನು ಬೈಯಲು ಎದ್ದೆ. ಬಾಗಿಲ ತನಕ ಹೋಗಿ ನೋಡಿದರೆ ಅವಳು ಪುಸ್ತಕದಲ್ಲಿ ಮುಳುಗಿದ್ದಳು. ನಾನು ಬೈಯಲಿಲ್ಲ, ಸುಮ್ಮನೆ ಕಣ್ಣೊರೆಸಿಕೊಂಡು ವಾಪಸು ಬಂದೆ.

ನಾಲ್ಕನೆಯದಕ್ಕೆ ರಟ್ಟೇ ಇರಲಿಲ್ಲ. ಭಾವನವರು ಅದನ್ನು ಯಾವ ಮುಖ ನೋಡಿ ತಂದಿದ್ದರೋ ದೇವರಿಗೇ ಗೊತ್ತು. ಕಡಲ ದಂಡೆಯ ಊರಿನ ವಿಮಲಾ ಎಂಬವಳು ಹಡಗಿನ ಕೆಲಸಕ್ಕೆ ಹೋದ ರಘುವಿಗಾಗಿ ಕಾಯುವ ಕಥೆ ಅದು. ಶಂಕ್ರವ್ವನ ಅವಸರಕ್ಕೆ ನೀಲಕ್ಕ ಕಡೆಯ ಪುಟ ನೋಡದೆ ಶುರು ಮಾಡಿದ್ದಳು.

ಆ ಕಥೆಯನ್ನು ನಮ್ಮೆಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ಕೇಳಿದವಳು ಮಾಲಾ. ಎರಡು ಮನೆ ಆಚೆಯ ಸಾವಂತ್ರವ್ವನ ಮಗಳು, ಮೂವತ್ತಕ್ಕೆ ಹತ್ತಿರ ಬಂದವಳು. ಹುಲಗೂರಿನ ಸುದೀಪ ಎಂಬ ಜೆಸಿಬಿ ಓಡಿಸುವ ಹುಡುಗನ ಮೇಲೆ ಅವಳ ಮನಸ್ಸು. ಅವನು ಪುಣೆ ಕಡೆ ಕೆಲಸಕ್ಕೆ ಹೋದ. ದಿನಾ ಬರುತ್ತಿದ್ದ ಫೋನು ವಾರಕ್ಕೊಮ್ಮೆ ಆಯಿತು, ಹಬ್ಬಕ್ಕೊಮ್ಮೆ ಆಯಿತು, ಆಮೇಲೆ ಅದೂ ಇಲ್ಲ. ಮಾಲಾ ಬಂದ ಸಂಬಂಧವನ್ನೆಲ್ಲ ಬೇಡ ಎನ್ನುತ್ತ ಬಂದಿದ್ದಳು. ಈಗ ಹಿರೇಕೆರೂರಿನಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಬೀಜದ ಕಂಪನಿಯಲ್ಲಿದ್ದ. ಸೋಮವಾರ ಕನ್ಯೆ ನೋಡಲು ಬರುವವರಿದ್ದರು, ಮಾಲಾ ಹೂಂ ಅಂದೂ ಇರಲಿಲ್ಲ, ಉಹೂಂ ಅಂದೂ ಇರಲಿಲ್ಲ.

"ಇವತ್ತ ಮುಗಸಿಬಿಡ ನೀಲಾ, ಜೀವ ನಿಂದ್ರವಲ್ದು" ಎಂದು ಶಂಕ್ರವ್ವ ಗಂಟು ಬಿದ್ದ ದಿನ ನೀಲಕ್ಕ ಮುಂದಿನದನ್ನು ಓದಿಕೊಂಡಿರಲಿಲ್ಲ. ಕಥೆಯಲ್ಲಿ ಎಷ್ಟೋ ವರ್ಷ ಕಳೆದಿದ್ದವು. ವಿಮಲಾಳಿಗೆ ಹೊರಗೆ ಹೆಜ್ಜೆಯ ಸಪ್ಪಳ ಕೇಳಿಸಿತು. "ವಿಮಲಾ ಎದ್ದು ಬಾಗಿಲು ತೆರೆದಳು" ಎಂದು ಓದಿದ ನೀಲಕ್ಕ ತಟ್ಟನೆ ನಿಂತಳು. ನಮ್ಮ ಕೈಗಳೂ ನಿಂತವು. ಮಾಲಾ ನೀಲಕ್ಕನ ಮುಖವನ್ನೇ ನೋಡುತ್ತ ಕೂತಿದ್ದಳು.

"ಬಾಗಿಲಲ್ಲಿ ರಘು ನಿಂತಿದ್ದ" ಅಂದಳು ನೀಲಕ್ಕ. ಅವನು ಸೊರಗಿದ್ದ, ಗಡ್ಡ ಬಂದಿತ್ತು, ಕೈಯಲ್ಲಿ ಚೀಲವಿತ್ತು, "ತಡಾ ಆತು" ಅಂದ. ಶಂಕ್ರವ್ವ ಖಾರದ ಕೈಯಲ್ಲೇ ಚಪ್ಪಾಳೆ ತಟ್ಟಿ ಸೀನಿದಳು. ನೀಲಕ್ಕ ಪುಸ್ತಕ ಮುಚ್ಚಿ, ಘಾಟು ಹತ್ತಿತೆಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಲ್ಲರೂ ಹೋದ ಮೇಲೆ ಪುಸ್ತಕವನ್ನು ನನ್ನ ಕೈಗಿಟ್ಟಳು. ಕಡೆಯ ಪುಟದಲ್ಲಿ ರಘು ಇರಲಿಲ್ಲ. ವಿಮಲಾ ಬಾಗಿಲು ತೆರೆದಾಗ ಅಂಗಳದಲ್ಲಿ ಯಾರೂ ಇಲ್ಲ. ಅವಳು ಒಳಗೆ ಬಂದು ಒಲೆ ಹಚ್ಚುತ್ತಾಳೆ. ಅಷ್ಟಕ್ಕೆ ಕಥೆ ಮುಗಿದಿತ್ತು.

"ಮಾಲಾನ ಮಾರಿ ನೋಡಿದ್ನಿ. ಬಾಯಿಗೆ ಬ್ಯಾರೇನ ಬಂತು" ಅಂದಳು. ನಾನು ನಕ್ಕು ಬಿಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಸಾವಂತ್ರವ್ವ ಅಳುತ್ತ ಬಂದಳು. "ಹಿರೇಕೆರೂರದವ್ರು ಬರೂದ ಬ್ಯಾಡ ಅಂತಾಳ್ರೀ ನೀಲಕ್ಕ. ಯಾಕ ಅಂದ್ರ ಬಾಯಿ ಬಿಡವಲ್ಲಳು. ನಿನ್ನಿ ನಿಮ್ಮ ಮನಿಯಿಂದ ಬಂದಾಗಿಂದ ಹಿಂಗ ಆಗ್ಯಾಳ. ನೀವರ ಬುದ್ಧಿ ಹೇಳ್ರಿ."

ಸಾವಂತ್ರವ್ವ ಆಚೆ ಹೋದದ್ದೇ ತಡ, ನಾನು ಸಿಟ್ಟು ತಡೆಯಲಾರದೆ, "ಬರದಾಂವ ಒಂದ ಬರದಾನ. ನೀ ಯಾಕ ತಿದ್ದಾಕ ಹೋದಿ? ಆ ಹುಡುಗಿ ಈಗ ಇನ್ನೂ ನಾಕ ವರ್ಷ ಕಾಯ್ತಾಳ!" ಅಂದೆ.

"ನನ್ನ ಬಾಯಿಂದ ಆಕಿ ಬಾಳೇವ ಹಾಳಾತಂದ್ರ ನಾ ಇನ್ನ ಪುಸ್ತಕ ಮುಟ್ಟೂದಿಲ್ಲ" ಎಂದವಳು, ಆ ರಟ್ಟಿಲ್ಲದ ಪುಸ್ತಕ ಹಿಡಿದು ಹೊರಟೇಬಿಟ್ಟಳು. ನಾನೂ ಹಿಂದೆ ಹೋದೆ.

ಮಾಲಾ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ನೀಲಕ್ಕ ಪೀಠಿಕೆ ಏನೂ ಹಾಕದೆ ಕಲ್ಲಿನ ಮೇಲೆ ಕೂತು ಕಡೆಯ ಪುಟವನ್ನು ಇದ್ದದ್ದು ಇದ್ದ ಹಾಗೆ ಓದಿದಳು. ಆಮೇಲೆ, "ಅಂವ ಬರೂದಿಲ್ಲ ಮಾಲಾ. ನಾ ಸುಳ್ಳ ಓದೇನಿ" ಅಂದಳು.

"ಗೊತ್ತಿತ್ರೀ ಕಾಕು" ಅಂದಳು ಮಾಲಾ.

"ಹೆಂಗ?"

"ರಘು ಬಂದ ಅನ್ನೂವಾಗ ನೀವು ಪುಸ್ತಕ ನೋಡ್ಲಿಲ್ರಿ. ಬಾಗಲಾ ನೋಡಿದ್ರಿ. ಕಾಕಾ ಹುಬ್ಬಳ್ಳಿಯಿಂದ ಈಗ ಬಂದಾರು ಅಂತ ನೋಡಿದಂಗ ನೋಡಿದ್ರಿ." ಮಾಲಾ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಬದಿಗಿಟ್ಟಳು. "ನಾನೂ ಹಂಗ ನೋಡ್ತಿರ್ತೇನಲ್ಲ ಅನಿಸ್ತು. ಅಂಜಿಕಿ ಬಂತು. ಮನಿಗೆ ಬಂದಾಕಿನ ಸುದೀಪಗ ಫೋನ್ ಹಚ್ಚಿದ್ನಿ. ಎತ್ತಿದಾ. ಅಲ್ಲೇ ಲಗ್ನಾ ಮಾಡ್ಕೊಂಡಾನಂತ."

ನಾನು ಕೇಳಿದೆ, "ಹಂಗಾದ್ರ ಹಿರೇಕೆರೂರದವ್ರನ್ನ ಯಾಕ ಬ್ಯಾಡ ಅಂದಿ?"

"ಕಾಯಂ ಬ್ಯಾಡ ಅಂದಿಲ್ರಿ, ಈಗ ಬ್ಯಾಡ ಅಂದೇನಿ. ಇಷ್ಟ ವರ್ಷ ಒಬ್ಬನ ದಾರಿ ಕಾದೇನಿ. ಅದು ಮುಗದ ನಾಕ ದಿನದಾಗ ಇನ್ನೊಬ್ಬಂವ ಹೂಂ ಅಂತಾನೋ ಇಲ್ಲೋ ಅಂತ ಕಾಯ್ಲ್ಯಾ? ಒಂದೀಟ ದಿನಾ ಯಾರ ದಾರೀನೂ ಕಾಯಲಾರದ ಇರ್ತೇನ್ರಿ ಕಾಕು. ಅವ್ವಗ ನೀವ ತಿಳಿಸಿ ಹೇಳ್ರಿ."

ಸಾವಂತ್ರವ್ವನಿಗೆ ನೀಲಕ್ಕ ಹೇಳಿದಳು. ಹೇಗೆ ಹೇಳಿದಳೋ, ಮುದುಕಿ ಮೂಗು ಒರೆಸಿಕೊಂಡು ಹಿರೇಕೆರೂರಿಗೆ ಫೋನು ಮಾಡಿ, ದೀಪಾವಳಿ ಆದ ಮೇಲೆ ನೋಡೋಣ ಅಂದಳು. ಅವರು ಕಾಯುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು.

ವಾಪಸು ಬರುವಾಗ ನೀಲಕ್ಕ ನಮ್ಮ ಮನೆಯ ಕಟ್ಟೆಯ ಹತ್ತಿರ ನಿಂತುಬಿಟ್ಟಳು. ಹಗಲು ಹೊತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು.

"ಅವ್ರು ಬರೂದಿಲ್ಲ, ಹೌದಿಲ್ಲೋ?" ಅಂದಳು.

ಭಾವನವರು ಹೋದಾಗ ನಾನು ಅವಳಿಗೆ ನೂರು ಸಮಾಧಾನ ಹೇಳಿದ್ದೆ. ಈ ಮಾತನ್ನು ಮಾತ್ರ ಯಾರೂ ಹೇಳಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. "ಇಲ್ಲಕ್ಕ, ಬರೂದಿಲ್ಲ" ಅಂದೆ. ಅವಳು ಕಟ್ಟೆಯ ಮೇಲೆ ಕೂತು, ಸೆರಗನ್ನೂ ಮರೆ ಹಿಡಿಯದೆ ಅತ್ತಳು. ನಾನು ಪಕ್ಕದಲ್ಲಿ ಕೂತೆ. ಅವತ್ತು ಮನೆಯಲ್ಲಿ ಅನ್ನವೇ ಆಗಲಿಲ್ಲ.

ಮರುದಿನ ಪಡಸಾಲೆಯಲ್ಲಿ ಎಲ್ಲರೂ ಕೂಡಿದಾಗ ಅವಳು ಹೊಸ ಪುಸ್ತಕ ತೆಗೆಯಲಿಲ್ಲ. "ಮೊನ್ನಿ ಒಂದ ಪುಟ ತಪ್ಪ ಓದೇನಿ, ಇವತ್ತ ಸರಿ ಓದ್ತೇನಿ" ಎಂದು ಆ ಕಡೆಯ ಪುಟ ಓದಿದಳು. ಧ್ವನಿ ಎಲ್ಲೂ ನಡುಗಲಿಲ್ಲ. ಮಾಲಾ ತಲೆ ತಗ್ಗಿಸಿ ತೊಟ್ಟು ಬಿಡಿಸುತ್ತಲೇ ಇದ್ದಳು. ಶಂಕ್ರವ್ವ ಬರೆದವನ ಮನೆತನವನ್ನೆಲ್ಲ ಜಾಲಾಡಿ ಬೈದಳು. ಬೈದು ಸಾಕಾದ ಮೇಲೆ, ಸಣ್ಣ ಹುಡುಗಿಯ ಹಾಗೆ ಕೇಳಿದಳು.

"ಒಲಿ ಹಚ್ಚಿದ್ಲು. ಆಮ್ಯಾಲ ಏನ ಮಾಡಿದ್ಲ ಆಕಿ?"

ನೀಲಕ್ಕ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಆಮ್ಯಾಲ ಉಂಡ್ಲು ಶಂಕ್ರವ್ವ. ಒಬ್ಬಾಕೀನ ಕುಂತು ಹೊಟ್ಟಿ ತುಂಬ ಉಂಡ್ಲು."

ಅದು ಪುಸ್ತಕದಲ್ಲಿ ಇರಲಿಲ್ಲ. ಇಲ್ಲ ಅನ್ನುವುದು ಈ ಸಲ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ತಮ್ಮ ತಮ್ಮ ರಾಶಿಯಿಂದ ಒಂದೊಂದು ಬೊಗಸೆ ಕಾಯನ್ನು ಅವಳ ಪುಟ್ಟಿಗೆ ಹಾಕಿದರು.