ಯಾವುದು ತುಂಬಿದ್ದು, ಯಾವುದು ಖಾಲಿ?

ಕಣ್ಣಿಲ್ಲದವರಿಗಾಗಿ ಪುಸ್ತಕ ಸಿದ್ಧಪಡಿಸುವ ನಮ್ಮ ಪುಟ್ಟ ಲೋಕದಲ್ಲಿ ಲಿಪಿತಜ್ಞರಿದ್ದಾರೆ, ಮುದ್ರಕರಿದ್ದಾರೆ, ಓದಿ ಹೇಳುವ ಪುಣ್ಯಾತ್ಮರಿದ್ದಾರೆ, ವೇದಿಕೆ ಸಿಕ್ಕಲ್ಲೆಲ್ಲ ದಾನಿಗಳೂ ಇದ್ದಾರೆ. ಆದರೆ ಒಂದು ಬೆಳಿಗ್ಗೆ ಕಂಪ್ಯೂಟರು 'ನಾನು ಏಳಲೊಲ್ಲೆ' ಎಂದು ಹಟ ಹಿಡಿದಾಗ, ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಪುಸ್ತಕಗಳನ್ನು ಒಂದಕ್ಷರ ಮುಕ್ಕಾಗದಂತೆ ಹೊರತೆಗೆದುಕೊಡುವವರು ಯಾರು ಎಂದು ಕೇಳಿದರೆ, ಸುತ್ತಲಿನ ಬ್ರೈಲ್ ಮುದ್ರಣಾಲಯಗಳಿಗೆಲ್ಲ ನೆನಪಾಗುವವರು ಒಬ್ಬರೇ: ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ತಾಂತ್ರಿಕ ವಿಭಾಗದ ಮುಖ್ಯಸ್ಥರು, ನಮ್ಮೆಲ್ಲರ ಬಾಯಲ್ಲಿ 'ಕೈಕಟ್ಟು ಮೇಷ್ಟ್ರು'. ಅವರ ಕುರಿತು ಈ ಬೀಳ್ಕೊಡುಗೆ ಸಂಪುಟಕ್ಕೆ ಗಂಭೀರವಾಗಿ ಬರೆಯಬೇಕೆಂದು ಸಂಪಾದಕರು ನನಗೆ ಎರಡು ಬಾರಿ ಹೇಳಿದ್ದಾರೆ. ನನ್ನ ನಾಲಿಗೆಯ ಪರಿಚಯ ಅವರಿಗಿರುವುದರಿಂದ ಆ ಎಚ್ಚರಿಕೆ ನ್ಯಾಯವೇ.

ಮೊದಲು ಆ ಹೆಸರಿನ ವಿಚಾರ. ಕಂಪ್ಯೂಟರು ಕೆಟ್ಟಿತೆಂದು ಯಾರಾದರೂ ಏದುಸಿರು ಬಿಡುತ್ತ ಬಂದರೆ ಮೇಷ್ಟ್ರ ಬಾಯಿಂದ ಹೊರಡುತ್ತಿದ್ದ ಮೊದಲ ಮಾತು ಇದು: "ಯಾರೂ ಏನೂ ಮುಟ್ಬೇಡಿ. ಸ್ವಿಚ್ ಆಫ್ ಮಾಡಿ, ಕೈ ಕಟ್ಕೊಂಡು ಕೂತ್ಕೊಳ್ಳಿ." ಕೈ ಕೆಸರಾದರೆ ಬಾಯಿ ಮೊಸರು ಎಂದು ಕೇಳಿ ಬೆಳೆದ ನಮಗೆ ಇದು ಶುದ್ಧ ಸೋಮಾರಿತನದ ಉಪದೇಶವಾಗಿ ಕಂಡದ್ದುಂಟು. ಆದರೆ ಅವರ ತಿಳಿವಳಿಕೆ ಬೇರೆಯಿತ್ತು. ಡಿಸ್ಕಿನಲ್ಲಿ ಕಳೆದುಹೋಯಿತು ಎಂದು ನಾವು ಎದೆ ಬಡಿದುಕೊಳ್ಳುವ ವಸ್ತು ಬಹುಪಾಲು ಅಲ್ಲೇ ಇರುತ್ತದೆ. ಅದು ನಿಜವಾಗಿ ಕಳೆಯುವುದು, ಹುಡುಕುವ ಗಾಬರಿಯಲ್ಲಿ ನಾವು ಅದರ ಮೇಲೆ ಇನ್ನೇನನ್ನೋ ಬರೆದಾಗ ಮಾತ್ರ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವವಳು ಕೊನೆಗೆ ಕೂಸನ್ನು ಮನೆಗೆ ತರುತ್ತಾಳೆ, ಆದರೆ ಗಾಬರಿಯಲ್ಲಿ ಕೈ ಬಿಟ್ಟರೆ ಗತಿಯೇನು ಎಂದು ಅವರು ಕೇಳುತ್ತಿದ್ದರು.

ನಾನು ಈ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಹುಟ್ಟಿನಿಂದ ಕಣ್ಣಿಲ್ಲ, ಬೆರಳಿವೆ, ಬಾಯಿಯಿದೆ, ಎರಡೂ ಚುರುಕು ಎಂದು ನನ್ನನ್ನು ಕಂಡರಾಗದವರೂ ಒಪ್ಪುತ್ತಾರೆ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು ಇಲ್ಲಿಗೆ ಬಂದ ಹೊಸತರಲ್ಲಿ ನಾನು ಅವರನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಗ ನಮ್ಮ ಕಂಪ್ಯೂಟರಿನಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ಧ್ವನಿಯೊಂದಿತ್ತು; ಅದರ ವಟವಟ ಕೇಳಿ ನನಗೆ ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. "ಇದಕ್ಕೆ ಯಾವ ರೈಲು ಹಿಡಿಯೋ ಅವಸರ?" ಎಂದು ನಾನು ಒಬ್ಬಳೇ ಗೊಣಗಿಕೊಂಡದ್ದು ಅವರ ಕಿವಿಗೆ ಬಿದ್ದಿರಬೇಕು. ಮಾರನೆಯ ದಿನ ಬಂದು ಕೂತರೆ ಆ ಧ್ವನಿ ಊಟ ಮುಗಿಸಿ ಎಲೆ ಮಡಚಿದ ಹಿರಿಯರಂತೆ ನಿಧಾನಕ್ಕೆ ಮಾತಾಡುತ್ತಿತ್ತು. ಮಾಡಿದವರು ಯಾರೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೀಗೆ ಯಾರಿಗೂ ಗೊತ್ತಾಗದಂತೆ ಅವರು ಮಾಡಿಕೊಟ್ಟ ಅನುಕೂಲಗಳನ್ನು ಬರೆಯುತ್ತ ಕೂತರೆ ಈ ಸಂಪುಟ ನನ್ನೊಬ್ಬಳಿಗೇ ಸಾಲದು.

ಅವರ ಕೆಲಸದ ಒಂದು ಪದ್ಧತಿಯನ್ನು ಮಾತ್ರ ವಿವರಿಸಲೇಬೇಕು. ಕೆಟ್ಟ ಡಿಸ್ಕಿನ ಮೇಲೆ ಅವರು ಎಂದೂ ನೇರವಾಗಿ ಕೈಯಾಡಿಸಿದವರಲ್ಲ. ಮೊದಲು ಅದನ್ನು ಹೊರತೆಗೆದು ಅಷ್ಟೇ ದೊಡ್ಡ ಖಾಲಿ ಡಿಸ್ಕಿಗೆ ಪೂರ್ತಿ ನಕಲು ಮಾಡಬೇಕು, ಚಿಕಿತ್ಸೆಯೆಲ್ಲ ಆ ನಕಲಿನ ಮೇಲೆ. ನಕಲು ಮಾಡಲು ಒಂದು ಪುಟ್ಟ ಪೆಟ್ಟಿಗೆಯಿದೆ: ಎಡಕ್ಕೊಂದು ಬಲಕ್ಕೊಂದು ಸೀಳು. ಎಡದಲ್ಲಿ ನಿಲ್ಲಿಸಿದ ಡಿಸ್ಕಿನಲ್ಲಿರುವುದು ಗುಂಡಿ ಒತ್ತಿದೊಡನೆ ಬಲದ ಡಿಸ್ಕಿಗೆ ಹೋಗುತ್ತದೆ. ಅದು 'ಸರಿಯೇ, ಖಂಡಿತವೇ' ಎಂದೆಲ್ಲ ಕೇಳುವುದಿಲ್ಲ. ಡಿಸ್ಕುಗಳನ್ನು ಅದಲುಬದಲು ನಿಲ್ಲಿಸಿದರೆ ಖಾಲಿತನವೇ ಶ್ರದ್ಧೆಯಿಂದ ನಕಲಾಗಿ ತುಂಬಿದ್ದೆಲ್ಲ ಒರೆಸಿಹೋಗುತ್ತದೆ. ಆದ್ದರಿಂದ ಗುಂಡಿ ಒತ್ತುವ ಮುಂಚೆ ಮೇಷ್ಟ್ರು ಕೋಣೆಯಲ್ಲಿರುವ ಇನ್ನೊಬ್ಬರನ್ನು ಕರೆದು ಗಟ್ಟಿಯಾಗಿ ಕೇಳುತ್ತಿದ್ದರು: "ಯಾವುದು ತುಂಬಿದ್ದು, ಯಾವುದು ಖಾಲಿ?" ಇನ್ನೊಬ್ಬರು ಡಿಸ್ಕಿನ ಮೇಲಿನ ಚೀಟಿ ಓದಿ ಉತ್ತರ ಕೊಡಬೇಕು. ಕೊಡದ ಹೊರತು ಅವರ ಬೆರಳು ಗುಂಡಿಯ ಹತ್ತಿರವೂ ಹೋಗದು.

ಈ ಪ್ರಶ್ನೆಯನ್ನು ನನಗೂ ಕೇಳಬೇಕೆಂದು ಅವರು ನಮ್ಮ ಡಿಸ್ಕುಗಳಿಗೆಲ್ಲ ಬ್ರೈಲ್ ಚೀಟಿ ಅಂಟಿಸಿದರು. ಮೊದಲ ಚೀಟಿಯನ್ನು ಮುಟ್ಟಿದಾಗ ನನಗೆ ಒಂದಕ್ಷರವೂ ಹತ್ತಲಿಲ್ಲ. ಮಹಾನುಭಾವರು ತಲೆಕೆಳಗಾಗಿ ಅಂಟಿಸಿದ್ದರು! "ಮೇಷ್ಟ್ರೇ, ಇದನ್ನ ಓದ್ಬೇಕಾದ್ರೆ ನಾನು ಬಾವಲಿ ಥರ ಸೂರಿಗೆ ನೇತಾಡ್ಬೇಕು" ಎಂದೆ. ಅವರು ನಕ್ಕ ನಗೆಗೆ ಪಕ್ಕದ ಕೋಣೆಯಿಂದ, ಮುದ್ರಣಯಂತ್ರ ನಡೆಸುವ ನಮ್ಮ ಅಣ್ಣ ಏನಾಯಿತೆಂದು ಎದ್ದು ಬಂದಿದ್ದ. ಅಂದಿನಿಂದ ನಾನು ಅವರ ಖಾಯಂ ಸಾಕ್ಷಿಯಾದೆ.

ಈ ಪದ್ಧತಿಯ ಹಿಂದೆ ಒಂದು ನೋವಿದೆಯೆಂದು ನನಗೆ ತಿಳಿಸಿದವರು ಅವರ ಮನೆಯಾಕೆ, ನಮ್ಮೆಲ್ಲರ ಅಕ್ಕ. ಮದುವೆಯಾದ ಹೊಸತರಲ್ಲಿ ಅಕ್ಕ ನದಿದಂಡೆಯ ಹುಲ್ಲುಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಮೊಣಕಾಲುದ್ದ ಕೆಸರಲ್ಲಿ ನಿಂತು ವರ್ಷಗಟ್ಟಲೆ ಸಂಗ್ರಹಿಸಿದ ವಿವರ, ಬರೆದ ಪ್ರಬಂಧ ಎಲ್ಲವೂ ಒಂದು ಡಿಸ್ಕಿನಲ್ಲಿತ್ತು. ಅದು ಕೈಕೊಟ್ಟಾಗ, ಹೆಂಡತಿಯ ಮುಖ ನೋಡಲಾರದೆ, ನಾನೇ ಸರಿಮಾಡಿಕೊಡುತ್ತೇನೆಂದು ಹೊರಟ ಮೇಷ್ಟ್ರು ಅವಸರದಲ್ಲಿ ಎಡಬಲ ತಪ್ಪಿದರು. ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ನುಂಗಿತು. ಅಕ್ಕ ಜಗಳವಾಡಲಿಲ್ಲ. ಮತ್ತೆ ನದಿಗೆ ಇಳಿದರು, ಮತ್ತೆ ಬರೆದರು. ಆ ಎರಡನೆಯ ಪ್ರಬಂಧವನ್ನು ಮೇಷ್ಟ್ರು ಇಂದಿನವರೆಗೆ ತೆರೆದು ನೋಡಿಲ್ಲ; ಯಾವ ಪುಟದಲ್ಲಿ ಏನು ಕಡಿಮೆಯಾಗಿದೆಯೋ ಎಂಬ ಭಯ. "ಎರಡನೇದೇ ಚೆನ್ನಾಗಿ ಬಂತು ಅಂತ ಅವರ ಮುಂದೆ ಹೇಳ್ತೀನಿ ಕಣೇ. ಸುಳ್ಳು ಅದು" ಎಂದರು ಅಕ್ಕ. ಇದನ್ನು ಇಲ್ಲಿ ಬರೆಯಲೇ ಎಂದು ಮೊನ್ನೆ ಕೇಳಿದೆ. "ಬರಿ ಬರಿ. ಅವರಿಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ?" ಎಂದು ನಕ್ಕರು.

ಇನ್ನು, ಕೆಲವು ವರ್ಷಗಳ ಹಿಂದಿನ ಒಂದು ದಿನದ ಮಾತು. ಶಾಲೆಗಳು ತೆರೆಯುವ ಕಾಲ ಹತ್ತಿರವಾಗಿತ್ತು. ಹತ್ತನೆಯ ತರಗತಿಯ ಗಣಿತಪಠ್ಯ ಬದಲಾಗಿದ್ದರಿಂದ ಹೊಸ ಪುಸ್ತಕವನ್ನು ಸೂತ್ರ ಸೂತ್ರವಾಗಿ, ಆಕೃತಿ ಆಕೃತಿಯಾಗಿ ಚುಕ್ಕೆಗಳಿಗೆ ಇಳಿಸಿ ಮುಗಿಸಿದ್ದೆವು. ಈ ಮಕ್ಕಳಿಗೆ ಅಂಗಡಿಯಲ್ಲಿ ಇನ್ನೊಂದು ಪ್ರತಿ ಸಿಗುವುದಿಲ್ಲ, ಪಕ್ಕದವನ ಪುಸ್ತಕ ಇಣುಕಿ ನೋಡುವ ಭಾಗ್ಯವೂ ಇಲ್ಲ. ನಾವು ಕೊಟ್ಟರೆ ಪುಸ್ತಕ, ಇಲ್ಲದಿದ್ದರೆ ಆ ವರ್ಷ ಗಣಿತವೇ ಇಲ್ಲ. ಮುದ್ರಣಕ್ಕೆ ಕೂರಬೇಕಾದ ಬೆಳಿಗ್ಗೆ, ಕಂಪ್ಯೂಟರು ಏಳುತ್ತಿರುವಾಗಲೇ ವಿದ್ಯುತ್ ಹೋಯಿತು. ಮರಳಿ ಬಂದಾಗ ಕಂಪ್ಯೂಟರಿನೊಳಗಿನ ಪಂಖ ತಿರುಗಿತು, ಧ್ವನಿ ಮಾತ್ರ ಬರಲಿಲ್ಲ. ನಿಮಗೆ ಕೆಟ್ಟ ಕಂಪ್ಯೂಟರೆಂದರೆ ಕಪ್ಪು ಪರದೆ, ನನಗೆ ಅದು ಮಾತು ಬಿಟ್ಟ ಮನುಷ್ಯ. ನಾನು ಕಾದೆ, ಕಾದೆ, ಅದು ತುಟಿ ಬಿಚ್ಚಲಿಲ್ಲ.

"ಆಪರೇಟಿಂಗ್ ಸಿಸ್ಟಂ ಸಿಗ್ತಿಲ್ಲ ಅಂತ ಬರ್ತಿದೆ" ಎಂದು ಮುದ್ರಣಯಂತ್ರದ ಅಣ್ಣ ಪರದೆ ಓದಿದ.

ನಮ್ಮ ವ್ಯವಸ್ಥಾಪಕರು ಒಳ್ಳೆಯ ಮನುಷ್ಯರು, ಆತುರದ ಮನುಷ್ಯರು. "ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ? ಎಲ್ಲ ಅಳಿಸಿ ಹೊಸದಾಗಿ ಹಾಕ್ಬಿಡೋಣ. ಬ್ಯಾಕಪ್ ಇದೆಯಲ್ಲ" ಎಂದರು.

"ಬ್ಯಾಕಪ್ ಎಲ್ಲಿಟ್ಟಿದೀರಿ ಸಾರ್?" ಎಂದೆ.

"ಇದರಲ್ಲೇ. ಎರಡನೇ ಪಾರ್ಟಿಷನ್‌ನಲ್ಲಿ."

ಒಂದೇ ಡಿಸ್ಕನ್ನು ಎರಡು ಖಾನೆ ಮಾಡಿ, ಒಂದರಲ್ಲಿ ಪುಸ್ತಕ, ಇನ್ನೊಂದರಲ್ಲಿ ಅದೇ ಪುಸ್ತಕದ ಪ್ರತಿಯಿಟ್ಟು ನಿಶ್ಚಿಂತರಾಗಿದ್ದರು. ಮನೆಯ ಎರಡೂ ಬೀಗದಕೈಗಳನ್ನು ಒಂದೇ ಗೊಂಚಲಿಗೆ ಸಿಕ್ಕಿಸಿಕೊಳ್ಳುವ ಜಾಣತನ! ಮೇಷ್ಟ್ರು ಬೇಡಬೇಡವೆಂದರೂ ಕೇಳಿರಲಿಲ್ಲ. "ಯಾರಾದ್ರೂ ಆ ಕೀಲಿಮಣೆ ಮುಟ್ಟಿದ್ರೆ ಕೈ ಮುರೀತೀನಿ" ಎಂದು ನಾನು ಕೂಗಿದ್ದು ಬೀದಿಗೂ ಕೇಳಿಸಿತಂತೆ. ಕೈ ಕಟ್ಟಿಕೊಂಡು ಮೂವರೂ ಕೂತೆವು.

ಮೇಷ್ಟ್ರು ರಜೆಯಲ್ಲಿದ್ದವರು ಫೋನು ಸಿಕ್ಕ ಕೂಡಲೇ ಬಂದರು. ಡಿಸ್ಕನ್ನು ಬಿಚ್ಚಿ, ಕಿವಿಗೆ ಹಿಡಿದು, ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ನೋಡಿ, ನನ್ನ ಕಡೆ ತಿರುಗಿ ಹೇಳಿದರು: "ಡಿಸ್ಕು ಗಟ್ಟಿಯಾಗಿದೆ ತಾಯಿ. ಯಾವ ಖಾನೆ ಎಲ್ಲಿಂದ ಎಲ್ಲಿವರೆಗೆ ಅಂತ ಶುರುವಿನಲ್ಲಿ ಬರೆದಿರುತ್ತಲ್ಲ, ಅದು ಹಾಳಾಗಿದೆ. ನಿಮ್ಮ ಭಾಷೇಲಿ ಹೇಳ್ಬೇಕಂದ್ರೆ ಪರಿವಿಡಿ ಹರಿದಿದೆ, ಪುಟ ಹರಿದಿಲ್ಲ." ಅಂಥ ಹೊತ್ತಿನಲ್ಲಿ ಎದುರಿನವರಿಗೆ ಅರ್ಥವಾಗುವ ಮಾತು ಹುಡುಕುವ ತಾಳ್ಮೆ ಎಷ್ಟು ಜನರಿಗಿದೆಯೋ ನಾನರಿಯೆ.

ಕಪಾಟಿನಿಂದ ಖಾಲಿ ಡಿಸ್ಕು ಬಂತು. ಅದೂ ಇದೂ ಒಂದೇ ಕಂಪನಿಯವು, ಒಂದೇ ಆಕಾರದವು, ಮೇಲಿನ ಅಚ್ಚಿನ ಅಕ್ಷರ ಇರುವೆಯ ಕಾಲಿನಷ್ಟು ಸಣ್ಣದೆಂದು ಅಣ್ಣ ಹೇಳಿದ್ದ. ಮೇಷ್ಟ್ರು ಎರಡನ್ನೂ ಪೆಟ್ಟಿಗೆಯ ಸೀಳುಗಳಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು. ಆಮೇಲೆ ಎಂದಿನ ಪ್ರಶ್ನೆ. "ತಾಯಿ, ಯಾವುದು ತುಂಬಿದ್ದು, ಯಾವುದು ಖಾಲಿ?"

"ಹೊತ್ತಾಗ್ತಿದೆ ಸಾರ್, ಒತ್ತಿಬಿಡಿ" ಎಂದರು ವ್ಯವಸ್ಥಾಪಕರು.

ನಾನು ಎಡದ ಡಿಸ್ಕಿನ ಮೇಲೆ ಬೆರಳಿಟ್ಟೆ. ಖಾಲಿ. ನಂಬದೆ ಮತ್ತೊಮ್ಮೆ ಓದಿದೆ. ಬಲದ್ದನ್ನು ಮುಟ್ಟಿದೆ. ತುಂಬಿದ್ದು.

"ಮೇಷ್ಟ್ರೇ, ಕೈ ತೆಗೀರಿ" ಎಂದೆ. "ಅದಲುಬದಲಾಗಿದೆ."

ಕುರ್ಚಿ ಎಳೆದು ಮೇಷ್ಟ್ರು ಕುಸಿದು ಕೂತರು. "ಎರಡೆರಡು ಸಲ ನೋಡಿದ್ದೆ ತಾಯಿ" ಎಂದರು. "ನೋಡಿದ್ದೇ ಸುಳ್ಳಾಗ್ತಿದೆ ಈಗೀಗ." ಕಣ್ಣಿನ ನರ ಬತ್ತುತ್ತಿದೆ, ಹೋದ ದೃಷ್ಟಿ ಮರಳದು ಎಂದು ವೈದ್ಯರು ಹೇಳಿದ್ದನ್ನು ಅವರು ಅಲ್ಲಿಯವರೆಗೆ ಕಚೇರಿಯಲ್ಲಿ ಬಾಯಿ ಬಿಟ್ಟು ಹೇಳಿರಲಿಲ್ಲ. ರಜೆ ಹಾಕಿದ್ದೂ ಅದಕ್ಕೇ ಅಂತೆ. ಆಮೇಲೆ ಅವರೇ ಎದ್ದು, ಡಿಸ್ಕುಗಳನ್ನು ಬದಲಿಸಿ, ಮೊದಲಿನ ಧ್ವನಿಯಲ್ಲೇ ಮತ್ತೆ ಕೇಳಿದರು: "ಯಾವುದು ತುಂಬಿದ್ದು, ಯಾವುದು ಖಾಲಿ?" ನಾನು ಎಡಬಲ ಓದಿ ಹೇಳಿದೆ. ಗುಂಡಿ ಒತ್ತಿದರು.

ನನ್ನ ಬೆರಳಿನ ಹೆಗ್ಗಳಿಕೆಗಾಗಿ ಇದನ್ನು ಬರೆಯುತ್ತಿಲ್ಲ. ಚೀಟಿ ಓದುವುದು ನನ್ನ ಹೊಟ್ಟೆಪಾಡು. ಆದರೆ ಇಷ್ಟು ವರ್ಷ ಪ್ರತಿ ಸಲವೂ ತಾವೇ ಸರಿಯಾಗಿದ್ದರೂ, ತಮ್ಮ ಮೇಲೆ ತಾವೇ ಒಂದು ಕಾವಲು ಹಾಕಿಕೊಂಡು ಪ್ರತಿ ಸಲವೂ ಕೇಳಿದರಲ್ಲ, ಆ ವಿನಯ ಅಂದು ಪುಸ್ತಕವನ್ನು ಉಳಿಸಿತು. ಅಕ್ಕನ ಹುಲ್ಲುಗಳು ಆ ಮಕ್ಕಳ ಗಣಿತವನ್ನು ಕಾಪಾಡಿದವು ಎಂದರೂ ತಪ್ಪಲ್ಲ.

ಮರುದಿನ ನಕಲಿನ ಮೇಲೆ ಹುಡುಕಾಟ ನಡೆಯಿತು. ಖಾನೆಗಳ ಗುರುತನ್ನು ಡಿಸ್ಕಿನ ಉದ್ದಕ್ಕೂ ಹುಡುಕುವ ತಂತ್ರಾಂಶವೊಂದನ್ನು ಅವರು ಓಡಿಸಿದರು; ಪರದೆಯನ್ನು ಅಣ್ಣ ಓದಿದ, ಅರ್ಥ ಮೇಷ್ಟ್ರು ಹೇಳಿದರು. ಮೊದಲು ಸಿಕ್ಕ ಖಾನೆಯೊಳಗೆ ಕಡತಗಳ ಹೆಸರೆಲ್ಲ ಕಲಸುಮೇಲೋಗರ. "ಇದು ಹಿಂದೆ ಯಾವಾಗಲೋ ಮಾಡಿ ಬಿಟ್ಟಿದ್ದ ಖಾನೆಯ ಗುರುತು. ಇದಲ್ಲ, ಮುಂದೆ ಹೋಗೋಣ" ಎಂದರು. ವ್ಯವಸ್ಥಾಪಕರು ಚಹಾದ ಮೇಲೆ ಚಹಾ ತರಿಸಿದರು, ಯಾರೂ ಕುಡಿಯಲಿಲ್ಲ. ಕೊನೆಗೆ ಅಣ್ಣ, "ಸಾರ್, ಇಲ್ಲಿ ಹೆಸರು ಸರಿಯಾಗಿ ಬರ್ತಿವೆ" ಎಂದ. ಮೇಷ್ಟ್ರು ಆ ಎರಡು ಖಾನೆಗಳ ಗಡಿಯನ್ನು ಶುರುವಿನಲ್ಲಿ ಮತ್ತೆ ಬರೆಸಿ, ನಕಲು ಡಿಸ್ಕನ್ನು ನಮ್ಮ ಕಂಪ್ಯೂಟರಿಗೆ ಕೂರಿಸಿದರು. ಪಂಖ ತಿರುಗಿತು. ಆಮೇಲೆ, ಊಟ ಮುಗಿಸಿದ ಹಿರಿಯರ ಆ ನಿಧಾನದ ಧ್ವನಿ ಬಾಯ್ತೆರೆದು "ಹತ್ತನೆಯ ತರಗತಿ, ಗಣಿತ" ಎಂದಿತು. ನಾನು ಅತ್ತೆ. ಅಣ್ಣ ಮೂಗು ಒರೆಸಿಕೊಂಡದ್ದೂ ಕೇಳಿಸಿತು, ನೆಗಡಿಯೆಂದು ಸಾಧಿಸಿದ. ಶಾಲೆ ತೆರೆದ ದಿನ ಪುಸ್ತಕಗಳು ಮಕ್ಕಳ ಮಡಿಲಲ್ಲಿದ್ದವು.

ಆ ವಾರವೇ ಮೇಷ್ಟ್ರು ಊಟದ ಬಿಡುವಿನಲ್ಲಿ ನನ್ನ ಮೇಜಿನೆದುರು ಬಂದು ಕೂತು, "ನನಗೆ ಬ್ರೈಲ್ ಕಲಿಸ್ತೀರಾ ತಾಯಿ?" ಎಂದರು. ಕಲಿಸಿದೆ. ಗುರುವಾಗಿ ಸತ್ಯ ನುಡಿಯಬೇಕೆಂದರೆ ಅವರಷ್ಟು ಮಂದ ಶಿಷ್ಯ ನನಗೆ ಇನ್ನೊಬ್ಬರಿಲ್ಲ. ಸ್ಕ್ರೂಡ್ರೈವರ್ ಹಿಡಿದು ಜಡ್ಡುಗಟ್ಟಿದ ಬೆರಳುಗಳವು. ಒಂದು ಸಾಲಿಗೆ ಅರ್ಧ ಬಿಡುವು ಬೇಕಾಗುತ್ತಿತ್ತು. ಎಷ್ಟು ಗದರಿದರೂ ಬೇಸರಿಸಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಈಗ ಅವರ ಕಣ್ಣಿಗೆ ಬೆಳಕು ಮಾತ್ರ ಕಾಣುತ್ತದೆ. ಕಳೆದ ವಾರ ಒಂದು ಡಿಸ್ಕು ಬಂದಿತ್ತು. ಅಭ್ಯಾಸಬಲದಿಂದ ನನ್ನನ್ನು ಕೇಳಿದರು. "ನೀವೇ ಓದಿ ಮೇಷ್ಟ್ರೇ, ಆಮೇಲೆ ನಾನು ನೋಡ್ತೀನಿ" ಎಂದೆ. ಬೆರಳು ಸರಿಸಿ ಸರಿಸಿ ಓದಿದರು. ಸರಿಯಾಗಿಯೇ ಇತ್ತು.

ಬೀಳ್ಕೊಡುಗೆಗೆ ಏನು ಕೊಡಬೇಕೆಂದು ನಾವು ಬಹಳ ಯೋಚಿಸಲಿಲ್ಲ. ಅಕ್ಕನಿಂದ ಆ ಎರಡನೆಯ ಪ್ರಬಂಧವನ್ನು ಇಸಿದುಕೊಂಡು ಬ್ರೈಲಿನಲ್ಲಿ ಒಂದೇ ಒಂದು ಪ್ರತಿ ಮಾಡಿದ್ದೇವೆ. ಕರಡು ತಿದ್ದಿದವಳು ನಾನು. ಹುಲ್ಲಿನ ವಿಷಯ ನನಗೆ ತಿಳಿಯದು, ಆದರೆ ಎಲ್ಲೂ ಏನೂ ಕಡಿಮೆಯಾದಂತೆ ನನ್ನ ಬೆರಳಿಗೆ ಅನಿಸಲಿಲ್ಲ. ಮೇಷ್ಟ್ರೇ, ಈ ಲೇಖನದ ನಿಮ್ಮ ಪ್ರತಿಯೂ ಚುಕ್ಕೆಗಳಲ್ಲೇ ಇದೆ, ಯಾರ ಕೈಲೂ ಓದಿಸಿಕೊಳ್ಳಬೇಡಿ. ಇದನ್ನು ಮುಗಿಸಿದ ಮೇಲೆ ಆ ಪ್ರಬಂಧವನ್ನು ತೆರೆಯಿರಿ, ಪಕ್ಕದಲ್ಲಿ ಅಕ್ಕನನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ. ದಪ್ಪ ಕಾಗದದ ಐದು ಸಂಪುಟಗಳಿವೆ. ನಿಮ್ಮ ಓದಿನ ವೇಗ ನಿಮ್ಮ ಗುರುವಿಗೆ ಚೆನ್ನಾಗಿ ಗೊತ್ತು; ಅದನ್ನು ಮುಗಿಸಲು ಬೇಕಾಗುವಷ್ಟು ದೀರ್ಘಾಯುಷ್ಯ ನಿಮಗಿಬ್ಬರಿಗೂ ಇರಲಿ, ನಡುನಡುವೆ ನಮ್ಮ ಕಂಪ್ಯೂಟರು ಮಾತು ಬಿಟ್ಟಾಗ ಪುಟಕ್ಕೆ ಗುರುತಿಟ್ಟು ಎದ್ದು ಬನ್ನಿ. ಅಲ್ಲಿಯವರೆಗೆ ನಾವು ಕೈ ಕಟ್ಟಿಕೊಂಡು ಕೂತಿರುತ್ತೇವೆ.