ಕೇಸರಿನಾಥನನ್ನು ಹೊಳೆಗೆ ಹಾಕಿದವಳು ನಾನೇ

ಮೊನ್ನೆ ಹತ್ತಿ ಬಿಡಿಸಲು ಹೊಲಕ್ಕೆ ಇಳಿದಾಗ ನನ್ನ ಎರಡೂ ಪಕ್ಕದ ಸಾಲುಗಳು ಖಾಲಿ ಇದ್ದವು.

ಎಲ್ಲರೂ ಹೋಗಿ ಶಿವಲೀಲಾಳ ಆಚೆ ಈಚೆ ನಿಂತಿದ್ದರು.

ನಾವು ಕಕ್ಕೇರಾ ಕಡೆಯವರು. ಹತ್ತಿ ಬಿಡಿಸುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಲು, ನಡುವೆ ನಡೆಯುತ್ತಾ ಎರಡೂ ಕಡೆಯ ಗಿಡ ಬಿಡಿಸಬೇಕು. ನಮ್ಮ ಗುಂಪಿನಲ್ಲಿ ಕತೆ ಹೇಳುವವಳು ನಾನು, ಹಾಗಾಗಿ ನನ್ನ ಪಕ್ಕದ ಸಾಲಿಗೆ ಬೆಳಿಗ್ಗೆಯೇ ಜಗಳ ಬೀಳುತ್ತಿತ್ತು. ದೂರ ಇದ್ದವರಿಗೆ ಕೇಳಿಸುವುದಿಲ್ಲವಲ್ಲ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ತಮ್ಮಂದಿರನ್ನು ನೋಡಿಕೊಳ್ಳಬೇಕಿತ್ತು. ಆದರೆ ಅಣ್ಣ ಸುರಪುರದ ರದ್ದಿ ಅಂಗಡಿಯಿಂದ ತಂದಿದ್ದ ಪತ್ತೇದಾರ ವಿಶ್ವಂಭರನ ಪುಸ್ತಕಗಳನ್ನು ಮಾತ್ರ ಬಿಡಲಿಲ್ಲ.

ಎಲ್ಲ ಪುಸ್ತಕದಲ್ಲೂ ಅವನಿಗೆ ಒಬ್ಬನೇ ಎದುರಾಳಿ, ಕೇಸರಿನಾಥ. ಕಳ್ಳ. ಆದರೆ ಬುದ್ಧಿಯಲ್ಲಿ ವಿಶ್ವಂಭರನಿಗೆ ಸರಿಸಮ.

ಎಷ್ಟೋ ವರ್ಷಗಳಿಂದ ಹೊಲದಲ್ಲಿ ಅವರಿಬ್ಬರ ಕತೆಯನ್ನೇ ಹೇಳುತ್ತಾ ಬಂದಿದ್ದೇನೆ. ಕೊನೆಗೆ ಕೇಸರಿನಾಥ ಹೊಳೆಯಲ್ಲಿ ಮುಳುಗಿ ಸತ್ತ ಅಂತ ಮುಗಿಸುತ್ತೇನೆ.

ಇಲ್ಲೇ ಇರುವುದು ನನ್ನ ಗುಟ್ಟು...

ಆ ಕೊನೆಯ ಪುಸ್ತಕದ ಕೊನೆಯ ಹಾಳೆಗಳು ಹರಿದು ಹೋಗಿವೆ. ಹಡಗಿನ ಮೇಲೆ ಇಬ್ಬರೂ ಎದುರುಬದುರು ನಿಂತಲ್ಲಿಗೆ ಪುಸ್ತಕ ನಿಲ್ಲುತ್ತದೆ. ಮುಂದಿನದೆಲ್ಲ ನಾನೇ ಕಟ್ಟಿದ್ದು.

ಸಮುದ್ರ ನೋಡಿದವಳಲ್ಲ ನಾನು. ಅದಕ್ಕೇ ಹಡಗನ್ನು ದೋಣಿ ಮಾಡಿ, ತಿಂಥಣಿ ಹತ್ತಿರ ಕೃಷ್ಣೆಗೆ ತಂದು ಅವನನ್ನು ಮುಳುಗಿಸಿದೆ. ಪುಸ್ತಕದಲ್ಲಿ ಹೀಗೇ ಇದೆ ಅಂತ ಎಲ್ಲರೂ ನಂಬಿದ್ದಾರೆ.

ಈಗ ಬಂದಳು ನೋಡಿ ಶಿವಲೀಲಾ. ಕಡೇಚೂರಿನ ಹುಡುಗಿ, ಈ ವರ್ಷ ನಮ್ಮ ಓಣಿಗೆ ಸೊಸೆಯಾಗಿ ಬಂದವಳು. ಅದೇ ಕತೆಗಳನ್ನು ಸಿನಿಮಾ ಮಾಡಿದ್ದಾರಂತೆ, ಗಂಡನ ಫೋನಿನಲ್ಲಿ ನೋಡಿ ಬಂದು ಹೇಳುತ್ತಾಳೆ.

ಹೇಳುವುದೇನು, ಆಡಿ ತೋರಿಸುತ್ತಾಳೆ! ವಿಶ್ವಂಭರನಿಗೆ ಒಂದು ದನಿ, ಕೇಸರಿನಾಥನಿಗೆ ಒಂದು ದನಿ. ನನ್ನ ಕತೆಯಲ್ಲಿ ಎಲ್ಲರಿಗೂ ನನ್ನದೇ ದನಿ.

ಅವಳ ಗಂಟಲು ಕಟ್ಟಲಿ ದೇವರೇ ಅಂತ ಬೇಡಿಕೊಂಡಿದ್ದೂ ನಿಜ.

ಹೊಟ್ಟೆಕಿಚ್ಚಿಗಿಂತ ಹೆದರಿಕೆ ದೊಡ್ಡದಿತ್ತು. "ಇವತ್ತ ಕೊನಿ ಸಿನಿಮಾದ ಕೊನಿ ಹೇಳ್ತೀನ್ರಿ" ಅಂದಿದ್ದಳು ಅವಳು. ಅದರಲ್ಲಿ ಕೇಸರಿನಾಥ ಮುಳುಗದಿದ್ದರೆ? ಇಷ್ಟು ವರ್ಷ ಸುಳ್ಳು ಹೇಳಿದಳು ಅಂತ ನಾಳೆಯಿಂದ ನನ್ನ ಮಾತು ಯಾರು ಕೇಳುತ್ತಾರೆ?

ನಾಚಿಕೆ ಬಿಟ್ಟು ಹೋಗಿ, ಇದ್ದವರನ್ನು ಸರಿಸಿ ಅವಳ ಎಡಗಡೆಯ ಸಾಲು ಹಿಡಿದೆ. "ಬರ್ರಿ ಅಕ್ಕಾ" ಅಂದಳು, ನಗುತ್ತಾ. ಆ ನಗುವನ್ನೂ ನಾನು ಅನುಮಾನದಿಂದಲೇ ನೋಡಿದೆ.

ಅವಳ ಕತೆಯಲ್ಲಿ ಕೇಸರಿನಾಥ ಮುಳುಗಲಿಲ್ಲ...

ಹಡಗಿನಿಂದ ತಪ್ಪಿಸಿಕೊಂಡು ಹೋಗುತ್ತಾನೆ. ಎಷ್ಟೋ ವರ್ಷ ಕಳೆದು, ತಲೆ ಬೆಳ್ಳಗಾದ ಮೇಲೆ, ತಾನೇ ಬಂದು ವಿಶ್ವಂಭರನ ಬಾಗಿಲು ಬಡಿಯುತ್ತಾನೆ. "ನಿಮಗ ವಯಸ್ಸಾತು. ನೀವು ಹುಡುಕಾಕ ಬರಲಿಲ್ಲ ಅಂದ್ರ ನಾ ಕಳವು ಮಾಡಿ ಏನ ಸುಖ? ಹಿಡೀರಿ ನನ್ನ" ಅನ್ನುತ್ತಾನೆ.

ಕೈಕೋಳ ಹಾಕುವ ಮೊದಲು ವಿಶ್ವಂಭರ ಅವನನ್ನು ಕೂರಿಸಿ ಚಹಾ ಕೊಟ್ಟನಂತೆ.

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಹೊಳೆಗೆ ಯಾರೂ ಅತ್ತಿರಲಿಲ್ಲ.

ಆಮೇಲೆ ಒಬ್ಬಳು ನನ್ನ ಕಡೆ ತಿರುಗಿದಳು. "ಮಲ್ಲಮ್ಮಾ, ನೀ ಹೊಳ್ಯಾಗ ಮುಳುಗ್ಯಾನ ಅಂದಿದ್ಯಲ್ಲ?"

"ಪುಸ್ತಕ ಬ್ಯಾರೆ, ಸಿನಿಮಾ ಬ್ಯಾರೆ" ಅಂದೆ.

ಅಷ್ಟರಲ್ಲಿ ಹಿಂದಿನಿಂದ ದೇವಕ್ಕನ ದನಿ. ನಮ್ಮ ಗುಂಪನ್ನು ಕರೆದುಕೊಂಡು ಹೋಗುವ ಹಿರಿಯಳು, ಬಿಡಿಸಿದ ಸಾಲುಗಳನ್ನು ಹಿಂದಿನಿಂದ ನೋಡುತ್ತಾ ಬರುವವಳು.

"ಈ ಸಾಲು ಯಾರದವ್ವಾ? ಬಲಗಡಿ ಗಿಡ ಒರಸಿಟ್ಟಂಗ ಅದಾವ. ಎಡಗಡಿ ಹತ್ತಿ ಹಂಗ ನಿಂತು ನಗಾಕತ್ತೈತಿ!"

ನಾನು ತಲೆ ತಗ್ಗಿಸಿ ಮುಂದಿನ ಗಿಡಕ್ಕೆ ಕೈ ಹಾಕಿದೆ.

"ಮಲ್ಲಮ್ಮಾ, ನಿನ್ನ ಬಲಕ್ಕ ಯಾರಿದ್ರು?"

"ಶಿವಲೀಲಾ!" ಎಲ್ಲರೂ ಒಟ್ಟಿಗೆ ಕೂಗಿದರು.

"ಮತ್ತ? ಕಿವಿ ಎತ್ತಾಗಿತ್ತೋ ಕೈನೂ ಅತ್ತಾಗ ಹೋಗ್ಯಾವ. ಕತಿ ಹೇಳಾಕಿಗೇ ಕತಿ ಹುಚ್ಚು ಹಿಡಿದೈತಿ!"

ಹೊಲವೆಲ್ಲ ನಗು. ಇಷ್ಟು ವರ್ಷ ಪತ್ತೇದಾರನ ಕತೆ ಹೇಳಿದ್ದಕ್ಕೆ, ಪತ್ತೆ ಹಚ್ಚುವುದನ್ನು ಕಲಿತವಳು ದೇವಕ್ಕ ಒಬ್ಬಳೇ... ಹಿಡಿದದ್ದು ನನ್ನನ್ನೇ.

ಎಲ್ಲರೂ ಉಣ್ಣಲು ಕುಳಿತರೆ ನಾನು ಒಬ್ಬಳೇ ತಿರುಗಿ ಹೋಗಿ ಎಡಗಡೆಯ ಹತ್ತಿ ಬಿಡಿಸುತ್ತಿದ್ದೆ. ಆಗ ಶಿವಲೀಲಾ ತಂಬಿಗೆಯಲ್ಲಿ ನೀರು ತಂದಳು.

ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ. "ಖರೇನ ಹೇಳು, ಸಿನಿಮಾದಾಗ ಹಂಗ ಐತೇನು?"

ಅವಳು ಹಿಂದೆ ಮುಂದೆ ನೋಡಿದಳು. "ಯಾರ ಮುಂದೂ ಅನಬ್ಯಾಡ್ರಿ ಅಕ್ಕಾ. ಹಡಗಿನ ಮ್ಯಾಗ ಇಬ್ರೂ ನಿಂತಾಗ ನಮ್ಮವ್ರು ಫೋನ್ ಕಸಗೊಂಡು ಕೆಲಸಕ್ಕ ಹೋದ್ರು. ಇವತ್ತ ಹೇಳ್ತೀನಂತ ಬಾಯಿ ಬಿಟ್ಟಿದ್ದೆ, ಏನ್ ಮಾಡ್ಲಿ? ಬಿಡಿಸಕೋತ ಬಿಡಿಸಕೋತ ನಾನ ಜೋಡಿಸಿ ಹೇಳಿದೆ."

ತಂಬಿಗೆ ನನ್ನ ಕೈಯಲ್ಲೇ ಇತ್ತು. ನಂದೂ ಹಂಗ ಅಂತ ಹೇಳಲು ಬಾಯಿಗೆ ಬಂದದ್ದನ್ನು ನೀರಿನ ಜೊತೆ ನುಂಗಿದೆ.

ಸಿನಿಮಾದವರು ದೊಡ್ಡವರು, ಅವರ ಮುಂದೆ ಸೋತರೆ ಸೋತೆ ಅಂತ ಸಮಾಧಾನ ಮಾಡಿಕೊಂಡಿದ್ದೆ. ಈಗ ಅದೂ ಇಲ್ಲ. ನಾನು ವರ್ಷಗಟ್ಟಲೆ ಹೇಳಿ ತಿದ್ದಿದ ಹೊಳೆಗಿಂತ, ಒಂದು ಸಾಲು ಮುಗಿಯುವುದರೊಳಗೆ ಅವಳು ಕಟ್ಟಿದ ಬಾಗಿಲೇ ಚೆನ್ನಾಗಿತ್ತು.

ಅಂದಿನಿಂದ ನಿದ್ದೆ ಸರಿಯಿಲ್ಲ. ದೇವಕ್ಕನಿಗೆ ಓದಲು ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ, ಆದರೂ ಹೆದರಿಕೆ...

ನನಗಿಂತ ಚಂದ ಸುಳ್ಳು ಕಟ್ಟುವವಳ ಮುಂದೆ ನನ್ನ ಸುಳ್ಳನ್ನು ಯಾವ ಬಾಯಿಂದ ಒಪ್ಪಿಕೊಳ್ಳಲಿ, ನೀವೇ ಹೇಳಿ?