ಅಜ್ಜಿ ತುಂಬಿದ ಉಡಿ

ಅಜ್ಜಿಯ ಎಡಗೈ ಹೆಬ್ಬೆರಳು ಸದಾ ನೀಲಿ. ಕೌಲ್ ಬಜಾರಿನ ನಮ್ಮ ಮನೆಗೆ ಜೀನ್ಸ್ ಪ್ಯಾಂಟುಗಳ ಗಂಟು ಬರುತ್ತಿತ್ತು. ಹೊಲಿಗೆಯಲ್ಲಿ ಉಳಿದ ದಾರ ಕತ್ತರಿಸುವುದು ಅವಳ ಕೆಲಸ. ಎಷ್ಟು ಸೋಪು ಹಚ್ಚಿ ಉಜ್ಜಿದರೂ ಆ ಬಣ್ಣ ಹೋಗದು. ಅದೇ ಬೆರಳಲ್ಲಿ ನನ್ನ ಕೆನ್ನೆ ಹಿಂಡುತ್ತಿದ್ದಳು. ಬಾಯಂತೂ ಅಬ್ಬಬ್ಬಾ, ಕೈಯಲ್ಲಿನ ಕತ್ತರಿಗಿಂತ ಹರಿತ.

ಅಮ್ಮ ಫಿಲಿಪೀನ್ಸಿನವಳು. ಅಪ್ಪ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದಾಗ ಮದುವೆಯಾಗಿ ಬಳ್ಳಾರಿಗೆ ಕರೆತಂದ. ನಾನಿನ್ನೂ ಚಿಕ್ಕವಳಿರುವಾಗಲೇ ವಿಚ್ಛೇದನ ಕೊಟ್ಟು ಮಸ್ಕತ್ತಿಗೇ ಮರಳಿದ. ಕೋರ್ಟು ನನ್ನನ್ನು ಅಮ್ಮನಿಗೆ ಒಪ್ಪಿಸಿತು. ಆದರೆ ಅಮ್ಮ ಈ ದೇಶದಲ್ಲಿದ್ದದ್ದು ಅವನ ಹೆಂಡತಿ ಎಂಬ ಆಧಾರದ ಮೇಲೆ.

"ಹೆಂಡತಿ ಅನ್ನೋ ದಾರಿ ಮುಚ್ಚಿತಮ್ಮ," ಎಂದರು ಬ್ರೂಸ್‌ಪೇಟೆಯ ವಕೀಲರು. "ಮಗಳು ಈ ದೇಶದ ಪ್ರಜಿ. ಆಕಿ ತಾಯಿ ಅಂತ ವೀಸಾ ಕೇಳೂಣು. ಸಿಕ್ಕರೂ ವರ್ಷ ವರ್ಷ ಕೇಳಬೇಕಾಗತೈತಿ. ಇಲ್ಲಿಯವರು ಒಬ್ಬರು ಜವಾಬ್ದಾರಿ ಹೊರಬೇಕು."

ಸಿಗದಿದ್ದರೆ ಅಮ್ಮ ಹೊರಡಬೇಕು. ನನ್ನನ್ನು ಕರೆದೊಯ್ಯಲು ಅಪ್ಪನ ಒಪ್ಪಿಗೆ ಬೇಕು. ಅವನೋ, ಫೋನೇ ಎತ್ತುತ್ತಿರಲಿಲ್ಲ. ಅಮ್ಮ ಆಸೆ ಬಿಟ್ಟಳು. ಬಟ್ಟೆ ತುಂಬಿದ ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟು, ಅಜ್ಜಿಯ ಮುಂದೆ ಸೆರಗೊಡ್ಡಿದಳು.

"ಅತ್ತಿ, ಉಡಿ ತುಂಬಿ ಕಳಸ್ರಿ."

ಓಣಿಯ ಹೆಣ್ಣುಮಕ್ಕಳ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಕಳಿಸುವುದನ್ನು ನೋಡಿದ್ದಳು, ಪಾಪ. ಅದು ಶಾಶ್ವತವಾಗಿ ಬೀಳ್ಕೊಡುವ ಶಾಸ್ತ್ರ ಎಂದುಕೊಂಡಿದ್ದಳು.

"ಏ ಹುಚ್ಚಿ!" ಅಜ್ಜಿ ಕೆರಳಿದಳು. "ಉಡಿ ತುಂಬೋದು ತಿರುಗಿ ಬರೋ ಮಗಳಿಗಿ. ಬರಲಾರದಂಗ ಹೋಗಾಕಿಗಿ ನಾ ಒಂದು ಕಾಳು ಅಕ್ಕಿ ಕೊಡಾಂಗಿಲ್ಲ!" ಎಂದವಳೇ ಪ್ಯಾಂಟುಗಳ ಗಂಟನ್ನು ಆ ಪೆಟ್ಟಿಗೆಯ ಮೇಲೆ ಎಸೆದಳು.

ಕುರುಗೋಡಿನ ಅವಳ ತಮ್ಮ, "ನಿನಗ್ಯಾಕಬೇ ಈ ಉಸಾಬರಿ?" ಎಂದು ಫೋನಿನಲ್ಲೇ ಬೈದ. ಅಜ್ಜಿ ಕೇಳಲಿಲ್ಲ. ನಮ್ಮಿಬ್ಬರ ಜೊತೆ ವೀಸಾ ಕಚೇರಿಗೆ ಬಂದು ಕೂತಳು.

"ವಿಚ್ಛೇದನ ಆಗೇತಲ್ಲಜ್ಜಿ," ಎಂದರು ಅಧಿಕಾರಿ. "ಇನ್ನ ಇವರು ನಿಮ್ಮ ಸೊಸಿ ಹೆಂಗಾಗ್ತಾರ?"

"ಬಿಟ್ಟಾವ ನನ್ನ ಮಗರೀ ಸಾಹೇಬ್ರ. ನಾ ಎಲ್ಲಿ ಬಿಟ್ಟೀನಿ?"

ಅಧಿಕಾರಿ ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ; ಜವಾಬ್ದಾರಿ ಪತ್ರದಲ್ಲಿ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ತಿಂಗಳುಗಟ್ಟಲೆ ಕಾಯಿಸಿ ಕೊನೆಗೂ ಒಂದು ವರ್ಷದ ವೀಸಾ ಬಂತು. ಮುಂದೆ ಪ್ರತಿವರ್ಷ ಅದೇ ಓಡಾಟ. ಅಜ್ಜಿ ಮಾತ್ರ ಇಸ್ತ್ರಿ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ ಹೊರಡುತ್ತಿದ್ದಳು.

ಹೋದ ವರ್ಷ ಫಿಲಿಪೀನ್ಸಿನಲ್ಲಿದ್ದ ಅಮ್ಮನ ತಾಯಿ ಹಾಸಿಗೆ ಹಿಡಿದರು. ಹೋಗಿ ಮರಳಿ ಬರಲು ವೀಸಾದಲ್ಲಿ ಅವಕಾಶವಿತ್ತು. ಅಂದು ಅಜ್ಜಿ, ಸಿರುಗುಪ್ಪದ ತಂಗಿ ಕಳಿಸಿದ ಹೊಸ ಅಕ್ಕಿಯನ್ನು ಮೊರಕ್ಕೆ ಸುರುವಿಕೊಂಡು ಅಮ್ಮನನ್ನು ಮಣೆಯ ಮೇಲೆ ಕೂರಿಸಿದಳು. ಗಂಡ ಸತ್ತವಳು ಉಡಿ ತುಂಬಬಾರದೆಂದು ಪಕ್ಕದ ಮನೆಯಾಕೆ ಗೊಣಗಿದಳು.

"ನನ್ನ ಮಗಳು, ನನ್ನ ಅಕ್ಕಿ. ನಡುವ ನಿಮ್ದೇನ್ರಿ?"

ಅಮ್ಮ ಅತ್ತದ್ದೇ ಅತ್ತದ್ದು. ಹೇಳಿದ ದಿನಕ್ಕೆ ತಿರುಗಿ ಬಂದಳು.

ಈ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಮೊನ್ನೆ ಕಚೇರಿಯಲ್ಲಿ ಅವಳ ಜಾಗದಲ್ಲಿ ನಾನು ಸಹಿ ಮಾಡಿದೆ. ನನಗೀಗ ಹದಿನೆಂಟು ತುಂಬಿದೆ. ಅಮ್ಮನ ಜೊತೆ ಬೆಳೆಯುವ ಭಾಗ್ಯ ನನಗೆ ಸಿಕ್ಕದ್ದು ಅಜ್ಜಿಯಿಂದ.

ಹೊರಗೆ ಆಟೋದವನು ಎಲ್ಲಿಗೆಂದು ಕೇಳಿದ.

"ಕೌಲ್ ಬಜಾರಿಗಿ ನಡೀರಿ," ಎಂದಳು ಅಮ್ಮ. ಆಮೇಲೆ ಕಣ್ಣೊರೆಸಿಕೊಂಡು, ಅವನು ಕೇಳದಿದ್ದರೂ ಹೇಳಿದಳು: "ಅಲ್ಲಿ ನನ್ನ ತವರುಮನಿ ಐತಿ."